ಕವಲಿಗೊಂದು ದೇವರು

ದೇವರು ಬುದ್ಧಿ ಹಂಚುವಾಗ ದಿಕ್ಕು ತಿಳಿಯುವ ಭಾಗ ನನ್ನ ಪಾಲಿಗೆ ಬರಲಿಲ್ಲ. ಅದಕ್ಕೆ ನಾನೇನೂ ಗೊಣಗುವುದಿಲ್ಲ. ರೊಟ್ಟಿ ಬಡಿಯುವ ಕೈ ಕೊಟ್ಟಿದ್ದಾನೆ, ಮೊಣಕಾಲು ಇನ್ನೂ ಮಡಚುತ್ತವೆ, ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಬಿಟ್ಟು ಕುಳಿತರೂ ಬೀಳದಂತೆ ಕಾಯುತ್ತಾನೆ. ಇನ್ನೇನು ಬೇಕು? ಆದರೆ ಬೈಕ್ ಓಡಿಸುವವರಿಗೆ ಮೊಬೈಲಿನ ನಕಾಶೆ ಕಿವಿಯಲ್ಲಿ ದಾರಿ ಹೇಳಬೇಕೋ ಬೇಡವೋ ಎಂಬ ವಾದ ನಮ್ಮ ಮನೆಯಲ್ಲಿ ಎದ್ದಾಗ, ಎಡಬಲ ತಿಳಿಯದ ನಾನೇ ಅದರ ನಡುವೆ ಸಿಕ್ಕಿಬಿದ್ದೆ.

ತೀರಿಹೋದ ನಮ್ಮ ಅಕ್ಕನ ಮಗಳು ಅಶ್ವಿನಿಯನ್ನು ದೇವಿಕೊಪ್ಪಕ್ಕೆ ಕೊಟ್ಟಿದೆ. ಅವಳಿಗೆ ಏಳನೇ ತಿಂಗಳ ಬಸುರಿನ ಕುಬಸ. ತವರಿನ ಹಸಿರು ಸೀರೆ ಉಡಿಸಿದ ಮೇಲೆಯೇ ಆರತಿ, ಉಡಿ ತುಂಬುವುದು ಎಲ್ಲ. ತವರಿನವರು ಹಿಂದಿನ ದಿನವೇ ಹೋಳಿಗೆ, ಕರಚಿಕಾಯಿ ಹೇರಿಕೊಂಡು ಟೆಂಪೋದಲ್ಲಿ ಹೋಗಿದ್ದರು. ಸೀರೆ ಜಂಪರು ಮಾತ್ರ ನವಲಗುಂದದ ಟೇಲರನ ಹತ್ತಿರವೇ ಉಳಿದಿದ್ದರಿಂದ, ಅವನ್ನು ಇಸಿದುಕೊಂಡು ಮರುದಿನ ಮಧ್ಯಾಹ್ನದೊಳಗೆ ಮುಟ್ಟಿಸುವ ಭಾರ ನನ್ನ ಮೇಲೆ ಬಿತ್ತು. ತಡವಾದರೆ ಗಂಡನ ಮನೆಯ ಸೀರೆಯನ್ನೇ ಉಡಿಸಿಬಿಡುತ್ತಾರೆ. ತಾಯಿಯಿಲ್ಲದ ಹುಡುಗಿಗೆ ತವರೂ ಇಲ್ಲ ಎಂದು ನಾಲ್ಕು ಮಂದಿ ಅನ್ನಬಾರದಲ್ಲ, ನನಗೆ ಅದೊಂದೇ ಚಿಂತೆ.

“ಕಿವ್ಯಾಗ ಹಾಕ್ಕೊಂಡ್ರ ಮೊಬೈಲನ್ಯಾಗಿನ ಹೆಣ್ಮಗಳು ದಾರಿ ಹೇಳ್ತಾಳಂತ್ರೀ,” ಎಂದೆ ನಮ್ಮ ಮನೆಯವರಿಗೆ.

“ಕಿವಿ ಹಿಂದಿಂದ ಬರೂ ಲಾರಿಗೆ ಬೇಕಲೇ. ನೀ ನಕಾಶಿ ನೋಡಿಕೋತ ಹೇಳು.”

“ಗಾಳ್ಯಾಗ ನನ್ನ ಮಾತು ಕೇಳ್ತೈತೇನ್ರಿ?”

“ಮಾತು ಬ್ಯಾಡ. ಬಲಕ್ಕ ಹೊಳ್ಳೂದಿದ್ರ ಬಲ ಹೆಗಲಿಗೆ ಬಡಿ, ಎಡಕ್ಕಿದ್ರ ಎಡಕ್ಕ. ಹೆಂಗೂ ನನ್ನ ಬಡೀಬೇಕಂತ ಭಾಳ ದಿನದಿಂದ ಕಾಯಾಕತ್ತೀ.”

ಕಲಘಟಗಿಯವರೆಗೆ ಅವರಿಗೇ ದಾರಿ ಗೊತ್ತು. ಮುಂದೆ ದೊಡ್ಡ ರಸ್ತೆ ಅಗೆದಿದ್ದರು, ಒಳದಾರಿ ಹಿಡಿಯಬೇಕಾಯಿತು. ನಮ್ಮ ಎರೆಹೊಲದ ಸೀಮೆಯಲ್ಲಿ ಒಂದೂರಲ್ಲಿ ನಿಂತರೆ ಮುಂದಿನೂರು ಕಾಣುತ್ತದೆ. ಇಲ್ಲಿ ಗಿಡ, ತಿರುವು, ಮತ್ತೆ ಗಿಡ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ದಾರಿ ಕವಲೊಡೆಯುವ ಜಾಗದಲ್ಲೇ ಹಿರಿಯರು ಒಂದೊಂದು ಗುಡಿ ಕಟ್ಟಿಬಿಟ್ಟಿದ್ದಾರೆ. ಯಮನೂರಿನ ದರ್ಗಾಕ್ಕೂ ಹರಕೆಯ ಸಕ್ಕರೆ ಓದಿಸುವ ಮನೆತನ ನಮ್ಮದು; ಗುಡಿ ಕಂಡರೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಗಲ್ಲ ಮುಟ್ಟಿಕೊಳ್ಳದೆ ನಾನು ಮುಂದೆ ಹೋದವಳೇ ಅಲ್ಲ. ಮೊದಲ ಕವಲಿನಲ್ಲಿ ಹನುಮಪ್ಪ. ಕಣ್ಣು ತೆರೆಯುವಷ್ಟರಲ್ಲಿ ಕವಲು ಹಿಂದೆ ಉಳಿದಿತ್ತು. ಹೊರಳಿ ಬಂದೆವು. ಎರಡನೆಯದರಲ್ಲಿ ದ್ಯಾಮವ್ವ. ಮತ್ತೆ ಹೊರಳಿ ಬಂದೆವು. ಮೂರನೆಯದರಲ್ಲಿ ಬಸವಣ್ಣನಿಗೆ ಕೈ ಮುಗಿದು, ತೋಲ ತಪ್ಪಿ ವಾಲಿ, ಬೀಳದಿರಲೆಂದು ಎರಡೂ ಕೈ ಅವರ ಎರಡೂ ಹೆಗಲ ಮೇಲೆ ಊರಿದೆ. ಗಾಡಿ ಗಕ್ಕನೆ ನಿಂತಿತು.

“ಎರಡೂ ಕಡೆ ಹೊಳ್ಳಂದ್ರ ಗಾಡಿ ಹರದು ಎರಡು ಮಾಡ್ಲೇನಲೇ?”

“ಕೈ ಮುಗಿದಿದ್ನಿರಿ.”

“ಮೊಬೈಲ್ ಎಲ್ಲಿತ್ತು ಆವಾಗ?”

ಮೊಬೈಲು ನನ್ನ ಎರಡು ಅಂಗೈಗಳ ನಡುವೆಯೇ ಇತ್ತು. ನನ್ನ ಭಕ್ತಿ ಎಲ್ಲೆಲ್ಲಿ ಒತ್ತಿತ್ತೋ ಏನೋ, ನಕಾಶೆ ದೇವಿಕೊಪ್ಪ ಬಿಟ್ಟು ಅಳ್ನಾವರದ ದಾರಿ ತೋರಿಸುತ್ತಿತ್ತು. ಇನ್ನೆರಡು ದೇವರು ಸಿಕ್ಕಿದ್ದರೆ ಗೋವಾಕ್ಕೇ ಮುಟ್ಟುತ್ತಿದ್ದೆವು.

ಅವರು ಮೊಬೈಲು ಇಸಿದುಕೊಂಡು, ಊರು ಮತ್ತೆ ಬರೆದು, ಆವಾಜು ಪೂರ್ತಿ ಏರಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು. ಅವರ ಎದೆಯೊಳಗಿಂದ ಯಾವಳೋ ಹೆಣ್ಣುಮಗಳು ಎಡಕ್ಕೆ ಬಲಕ್ಕೆ ಎನ್ನುತ್ತಿದ್ದಳು. ಇವರು ಎದುರಾಡದೆ ಹೊಳ್ಳುತ್ತಿದ್ದರು. ನನಗೆ ತುಸು ಹೊಟ್ಟೆ ಉರಿಯಿತು. ಆದರೂ ದಾರಿ ಸಿಕ್ಕಿತಲ್ಲ, ಅದೂ ದೇವರ ದಯೆ.

ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಅಶ್ವಿನಿ ದಿನಾ ಉಡುವ ಸೀರೆಯಲ್ಲೇ ಪಡಸಾಲೆಯಲ್ಲಿ ಕುಳಿತಿದ್ದಳು. ನನ್ನನ್ನು ಕಂಡು ಅವಳ ಕಣ್ಣು ತುಂಬಿದವು.

“ಸಣ್ಣವ್ವನ ಸೀರಿ ಬರೂತನಕ ಏಳಂಗಿಲ್ಲ ಅಂತ ಹಟಾ ಹಿಡದಾಳ್ರಿ ನಿಮ್ಮ ಹುಡುಗಿ,” ಎಂದರು ಅವಳ ಅತ್ತೆ. “ಯಾಕ್ರೀ ಇಷ್ಟ ತಡಾ?”

ನಮ್ಮವರು ಹೆಲ್ಮೆಟ್ ತೆಗೆಯುತ್ತ, “ದಾರ್ಯಾಗ ದೇವರು ಭಾಳ ಬಂದ್ವು ಅಕ್ಕಾರ. ಇಕಿ ಒಬ್ರನ್ನೂ ಬಿಡ್ಲಿಲ್ಲ,” ಎಂದುಬಿಟ್ಟರು.

ನನ್ನ ಮಾನ ಕಳೆಯಲೆಂದೇ ಆಡಿದ ಮಾತದು. ಆದರೆ ಅವಳ ಅತ್ತೆ ಗಲ್ಲಕ್ಕೆ ಕೈ ಹಚ್ಚಿಕೊಂಡು, “ನೋಡ್ರವಾ! ಹುಡುಗಿ ಸಲುವಾಗಿ ದಾರಿಯಾಗಿನ ದೇವರಿಗೆಲ್ಲಾ ಬೇಡಿಕೊಂಡು ಬಂದಾರ. ಹೆತ್ತಾಕಿನೂ ಇಷ್ಟ ಮಾಡ್ತಿದ್ದಿಲ್ಲ. ನಡೀರಿ, ಆರತಿ ತರ್ರಿ!” ಎಂದರು.

ನಾನು ಬೇಡಿಕೊಂಡಿದ್ದು ಗಾಡಿ ಪಂಕ್ಚರ್ ಆಗದಿರಲಿ ಎಂದು. ಅದನ್ನು ಅಲ್ಲಿ ಹೇಳಲಿಲ್ಲ. ಸೀರೆ ಉಡಿಸುವಾಗ ಅಶ್ವಿನಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ, ಹೇಳಲು ಬಾಯಿಯೂ ಬರಲಿಲ್ಲ.

ಮರಳಿ ಹೊರಟಾಗ ಮುಂದೆ ಅವೇ ಗುಡಿಗಳು ಕಾಯುತ್ತಿದ್ದವು.

“ಆವಾಜ್ ಹಚ್ಚಿಬಿಡ್ರಿ,” ಎಂದೆ.

“ಬಂದ ದಾರಿನ ಐತೆಲ್ಲಲೇ. ಈಗ್ಯಾಕ ಅಕಿ?”

“ಇರ್ಲಿರಿ. ನನಗೀಗ ಎರಡೂ ಕೈ ಬೇಕಾಗ್ಯಾವ.”