ಹಳಿಯಾಳದಲ್ಲಿ ನನ್ನ ಓದುಗರು

ತಾನು ಬರೆದದ್ದನ್ನು ಯಾರು ಓದುತ್ತಾರೆಂದು ಬರೆದವನು ಹುಡುಕಿಕೊಂಡು ಹೋಗಬಾರದು. ಹಾಡಿದವನು ಮನೆಮನೆಗೆ ಹೋಗಿ "ಹೆಂಗಿತ್ರಿ?" ಅಂದಂತೆ, ಒಳ್ಳೆಯದೇನೂ ಆಗುವುದಿಲ್ಲ. ನಾನು ಹೋದೆ. ಆಗಷ್ಟೇ ಕಾರ್ಖಾನೆಗಳೆದ್ದ ದಾಂಡೇಲಿಯಲ್ಲಿ ನಾನು ಶಾಲಾ ಮಾಸ್ತರ, ಜೊತೆಗೆ ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಬಾತ್ಮೀದಾರ. ಬಾತ್ಮೀದಾರನೆಂದರೆ ಪಗಾರವಿಲ್ಲ, ಪತ್ರಿಕೆ ಪುಕ್ಕಟೆ. ನಮ್ಮ ಮನೆಯವಳು ಅದನ್ನು ಹಪ್ಪಳದ ಡಬ್ಬಿಯ ತಳಕ್ಕೆ ಹಾಸುತ್ತಿದ್ದಳು, ಅದೂ ನನ್ನ ಸುದ್ದಿಯ ಪುಟವನ್ನೇ ಆರಿಸಿ! ಆದರೂ 'ನಮ್ಮ ಬಾತ್ಮೀದಾರರಿಂದ' ಎಂದು ಅಚ್ಚಿನಲ್ಲಿ ಕಂಡರೆ ನನ್ನ ಎದೆ ಗೇಣುದ್ದ ಉಬ್ಬುತ್ತಿತ್ತು. ಹಾಗಿರಲು ಸಂಪಾದಕರ ಅಪ್ಪಣೆ ಬಂತು: 'ಹಳ್ಳಿಗರೂ ತರುಣರೂ ಸ್ಥಳೀಯ ಸುದ್ದಿಯನ್ನು ಹೇಗೆ ಓದುತ್ತಾರೆ, ಸಂಶೋಧಿಸಿ ತಿಳಿಸಿ. ಓದುವವರಿಲ್ಲದಿದ್ದರೆ ನಿಮ್ಮ ಸುದ್ದಿ ನಿಲ್ಲಿಸಿ, ಆ ಜಾಗಕ್ಕೆ ಹಲ್ಲುಪುಡಿಯ ಜಾಹೀರಾತು ಹಾಕುತ್ತೇವೆ.' ಹಲ್ಲುಪುಡಿಗೆ ಸೋಲುವುದೇ?

ಸಂತೆಯ ದಿನ ಹಳಿಯಾಳಕ್ಕೆ ಹೋಗಿ ರುದ್ರಪ್ಪನ ಚಹಾದಂಗಡಿ ಹೊಕ್ಕೆ. ಒಳಗೆ ಕಾಲಿಡಲು ಜಾಗವಿಲ್ಲ! ರುದ್ರಪ್ಪ ಗಲ್ಲಾದ ಮುಂದೆ ಕೂತು ನಮ್ಮ ಪತ್ರಿಕೆಯನ್ನೇ ಗಟ್ಟಿಯಾಗಿ ಓದುತ್ತಿದ್ದ. ಜನ ಬಾಯಿ ತೆರೆದು ಕೇಳುತ್ತಿದ್ದರು. ನನ್ನ ಕಣ್ಣಲ್ಲಿ ನೀರೇ ಬಂತು. ಬಂದ ಹಾಗೆಯೇ ಇಂಗಿತು, ಏಕೆಂದರೆ ಅವನು ಓದುತ್ತಿದ್ದುದು ನಾನು ಬರೆದದ್ದೇ ಅಲ್ಲ. "ಮುಂಡಗೋಡದ ಚಿರಂಜೀವಿ ಚನಬಸಪ್ಪನಿಗೆ ನಮ್ಮೂರ ಬಡವರ ಮನೆಯ ಗಂಗವ್ವನನ್ನು ನಿಶ್ಚಯಿಸಲಾಗಿದ್ದು, ವರನ ಸೋದರಮಾವನವರ ದೊಡ್ಡ ಮನಸ್ಸನ್ನು ಜಿಲ್ಲೆಯೇ ಕೊಂಡಾಡುತ್ತಿದೆ."

ಆ ಸೋದರಮಾವ ಅಲ್ಲೇ ಕೂತಿದ್ದ. ಬಶಿಯ ಚಹಾ ಧೋತರದ ಮೇಲೆ ಚೆಲ್ಲಿತು. "ನಾ ಎಲ್ಲಿ ಮಾತ ಕೊಟ್ಟೇನಿ? ಕಲಘಟಗಿ ಕಡೆ ಹೊಲ ಇದ್ದವರ ಮಗಳನ್ನ ನೋಡಾಕ ಹೊಂಟೇನಿ ನಾ!"

"ಪೇಪರಿನ್ಯಾಗ ಬಂದೈತಲ್ರಿ. ಪೇಪರಿನ್ಯಾಗ ಬಂದದ್ದು ಸುಳ್ಳಾಗತೈತೇನ್ರಿ?" ಎಂದ ರುದ್ರಪ್ಪ, ಶಾಂತವಾಗಿ.

ಮಾವನಿಗೆ ಅಕ್ಷರ ಬಾರದು. ಪತ್ರಿಕೆ ಕಸಿದು ನನ್ನ ಚಷ್ಮದ ಮುಂದೆ ಹಿಡಿದ. "ರೀ ಸಾಹೇಬರ, ಓದಿದವರಂಗ ಕಾಣತೀರಿ. ನೀವ ನೋಡಿ ಹೇಳ್ರಿ, ಖರೇ ಬಂದೈತೇನು?"

ಅಲ್ಲಿ ಬಂದದ್ದು ನನ್ನ ಬರಹ: 'ನಮ್ಮ ಓಣಿಯ ಗಟಾರ ಶೀಘ್ರದಲ್ಲೇ ದುರಸ್ತಿ.' ನನ್ನ ಜಾಗದಲ್ಲಿ ಇನ್ನೊಬ್ಬರ ಮದುವೆ! ಮೈ ಉರಿದುಹೋಯಿತು. ಸತ್ಯ ಸಾರಿಯೇಬಿಡಬೇಕೆಂದು ಬಾಯಿ ತೆರೆದೆ. ಆಗ ಮಾವನ ಬೆನ್ನ ಹಿಂದೆ ಒಬ್ಬ ತರುಣ ಎರಡೂ ಕೈ ಜೋಡಿಸಿ ನನ್ನನ್ನೇ ನೋಡುತ್ತಿರುವುದು ಕಂಡಿತು. ಚನಬಸಪ್ಪನೇ ಇರಬೇಕು, ಮೋರೆ ಬಿಳುಚಿಕೊಂಡಿತ್ತು. ರುದ್ರಪ್ಪನಿಗೆ ಈ ಸುದ್ದಿ ಕೊಟ್ಟವರು ಯಾರೆಂದು ತಿಳಿಯಿತು. ಪಾಪ ಅನಿಸಿತು. ಹಾಳಾಗಿ ಹೋಗಲಿ ಗಟಾರ ಎಂದುಕೊಂಡೆ.

"ಬಂದೈತ್ರಿ," ಎಂದೆ. "ಮುಂದಿನ ತಿಂಗಳ ಲಗ್ನ ಅಂತನೂ ಹಾಕ್ಯಾರ."

ಮಾವ ಧೊಪ್ಪನೆ ಕೂತ. "ಈಗ ಒಲ್ಲೆ ಅಂದ್ರ ಜಿಲ್ಲಾದಾಗ ಮರ್ಯಾದಿ ಹೋಗತೈತಿ. ಆತು, ಹಂಗ ಆಗಲಿ." ಧೋತರ ಕೊಡವಿಕೊಳ್ಳುತ್ತ, "ನನ್ನ ದೊಡ್ಡ ಮನಸಿಂದು ಇನ್ನೊಮ್ಮೆ ಓದ್ರಿ," ಎಂದ. ಗಟಾರದ ಮೇಲೆ ಬೆರಳಿಟ್ಟು ಓದಿದೆ.

ಸಂಪಾದಕರಿಗೆ ವರದಿ ಕಳಿಸಿದೆ: 'ಗ್ರಾಮೀಣರಿಗೆ ನಮ್ಮ ಪತ್ರಿಕೆಯಲ್ಲಿ ಪೂರ್ಣ ವಿಶ್ವಾಸವಿದೆ. ತರುಣರಂತೂ ಸ್ಥಳೀಯ ಸುದ್ದಿಗಾಗಿ ಕೈಮುಗಿದು ನಿಲ್ಲುತ್ತಾರೆ.' ಒಂದಕ್ಷರ ಸುಳ್ಳಿಲ್ಲ. ಹಲ್ಲುಪುಡಿ ಸೋತಿತು. ಚನಬಸಪ್ಪನ ಲಗ್ನದಲ್ಲಿ ನನಗೆ ಒತ್ತಾಯ ಮಾಡಿ ಮಾಡಿ ಹೋಳಿಗೆ ಬಡಿಸಿದರು. ಬಾತ್ಮೀದಾರನಾಗಿ ನಾನು ಕೊಟ್ಟ ಸುದ್ದಿಗಳಲ್ಲಿ ಖರೆಯಾದದ್ದು ಅದೊಂದೇ. ಅದನ್ನು ಮಾತ್ರ ನಾನು ಬರೆದಿರಲಿಲ್ಲ.