ನಾನು ಅಟ್ಟಿಸಿಕೊಂಡು ಹೋದ ಸ್ಕೂಟರ್

"ಹಾರ ತಾನೇ? ನಾನು ತರ್ತೀನಿ ಬಿಡಿ" ಎಂದು ನಾನು ಹೇಳಿದಾಗ ಕಲ್ಯಾಣ ಮಂಟಪದಲ್ಲಿದ್ದ ಯಾರಿಗೂ ಅದರಲ್ಲಿ ಅಪಾಯ ಕಾಣಲಿಲ್ಲ. ನನ್ನ ಹೆಂಡತಿ ಸುಮಾ ಒಬ್ಬಳಿಗೆ ಕಂಡಿತು.

ಅಂದು ಕುಶಾಲನಗರದಲ್ಲಿ ನನ್ನ ಅಕ್ಕನ ಮಗಳು ಚೈತ್ರಾಳ ಮದುವೆ. ಹಾರವನ್ನು ಮಂಟಪಕ್ಕೇ ತಂದುಕೊಡುತ್ತೇನೆಂದು ಒಪ್ಪಿದ್ದ ಹೂವಿನವನು, ಮುಹೂರ್ತಕ್ಕೆ ಒಂದು ಗಂಟೆ ಇರುವಾಗ ಫೋನ್ ಮಾಡಿ, ತನ್ನ ಗಾಡಿ ಕೆಟ್ಟಿದೆ, ನೀವೇ ಬಂದು ತೆಗೆದುಕೊಂಡು ಹೋಗಿ ಎಂದಿದ್ದ. ಎಲ್ಲರೂ ಮುಖಮುಖ ನೋಡಿಕೊಂಡರು. ನಾನು ಎದೆ ಮುಂದೆ ಮಾಡಿದೆ.

"ನೀವು ಸೋದರಮಾವ ಕಣ್ರೀ" ಎಂದಳು ಸುಮಾ. "ಹುಡುಗಿ ಕೈ ಹಿಡ್ಕೊಂಡು ಹಸೆಮಣೆಗೆ ಕರ್ಕೊಂಡು ಬರೋರೇ ನೀವು. ಬೇರೆ ಯಾರನ್ನಾದ್ರೂ ಕಳ್ಸಣ."

"ಹೋದೆ, ತಂದೆ, ಮುಗೀತು!"

"ದಾರೀಲಿ ಎಲ್ಲೂ ಟಿ.ವಿ. ಮುಂದೆ ನಿಲ್ಬೇಡಿ" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಇಪ್ಪತ್ತು ವರ್ಷ ನನ್ನ ಜೊತೆ ಬಾಳಿದವಳು. ಹೆಚ್ಚು ಮಾತಾಡುವ ಶಕ್ತಿ ಅವಳಲ್ಲಿ ಉಳಿದಿಲ್ಲ.

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಮೂಟೆಗಳ ತೂಕ ನೋಡುವ ಮನುಷ್ಯ. ಮಂಡಿ ನೋವು, ಬಿ.ಪಿ. ಮಾತ್ರೆ, ಐವತ್ತು ದಾಟಿದ ವಯಸ್ಸು ಎಲ್ಲವೂ ಇವೆ. ಆದರೆ ಪೊಲೀಸ್ ಸಿನಿಮಾ ಕಂಡರೆ ಇವು ಯಾವುವೂ ಇರುವುದಿಲ್ಲ. ನಾಯಕ ಗಾಜು ಒಡೆದುಕೊಂಡು ಒಳಗೆ ಬಂದರೆ ನಾನು ಕುರ್ಚಿಯಿಂದ ಅರ್ಧ ಏಳುತ್ತೇನೆ. ಕಳ್ಳನ ಕಾರು ಮೂಲೆ ತಿರುಗಿದರೆ ನಾನೂ ವಾಲುತ್ತೇನೆ. ಒಮ್ಮೆ ಹೀಗೆ ವಾಲಿದಾಗ ಪಕ್ಕದಲ್ಲಿದ್ದ ಅತ್ತೆಯವರ ಕೈಯಲ್ಲಿದ್ದ ಬಿಸಿ ಕಾಫಿ ಅವರ ಮೇಲೇ ಚೆಲ್ಲಿ, ಅವರು ಆ ಬೇಸಿಗೆಯಲ್ಲಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಇಷ್ಟೆಲ್ಲ ನೋಡಿದ ಮೇಲೆ ನನ್ನೊಳಗೆ ಒಬ್ಬ ಪೊಲೀಸ್ ಅಧಿಕಾರಿ ಇದ್ದಾನೆ, ಇಲಾಖೆಗೆ ಮಾತ್ರ ಅದು ಗೊತ್ತಾಗಿಲ್ಲ ಎಂದು ನಾನು ನಂಬಿದ್ದೆ.

ಮಂಟಪದ ಹೊರಗೆ ಸಾಲಾಗಿ ನಿಂತಿದ್ದ ಗಾಡಿಗಳ ನಡುವೆ ನನ್ನ ಬೂದು ಬಣ್ಣದ ಸ್ಕೂಟರ್ ಇತ್ತು. ಕೀಲಿ ಸ್ವಲ್ಪ ಬಿಗಿಯಾಯಿತು. ಅಲ್ಲಾಡಿಸಿ ತಿರುಗಿಸಿದೆ. ತಿಂಗಳುಗಳಿಂದ ಮೊಂಡು ಹಿಡಿದಿದ್ದ ಸ್ಟಾರ್ಟರ್ ಅಂದು ಒಂದೇ ಒತ್ತಿಗೆ ಕೆಲಸ ಮಾಡಿತು. ಬ್ರೇಕ್ ಕೂಡ ಹಿಡಿಯಿತು! ಸಿನಿಮಾದ ಪೊಲೀಸನಾಗಿದ್ದರೆ ಅಲ್ಲೇ ಸಂಶಯಪಡುತ್ತಿದ್ದ. ನಾನು ಸಂತೋಷಪಟ್ಟೆ. ಶುಭಕಾರ್ಯದ ದಿನ ಗಾಡಿಗೂ ಒಳ್ಳೆಯ ಬುದ್ಧಿ ಬಂದಿದೆ ಎಂದುಕೊಂಡೆ.

ಮಾರ್ಕೆಟ್ಟಿನಲ್ಲಿ ಎಲ್ಲವೂ ಸುಗಮವಾಗಿ ನಡೆಯಿತು. ಎರಡು ದಪ್ಪ ಹಾರಗಳ ಚೀಲವನ್ನು ಸ್ಕೂಟರಿನ ಮುಂದಿನ ಕೊಕ್ಕೆಗೆ ನೇತುಹಾಕಿದೆ. ಹಿಡಿಯಷ್ಟು ಸೇವಂತಿಗೆ ಚೀಲದ ಬಾಯಿಂದ ಹೊರಗೆ ಜೋತಾಡುತ್ತಿತ್ತು. ಇನ್ನು ಗಾಡಿ ಹತ್ತುವುದೊಂದೇ ಬಾಕಿ. ಅಷ್ಟರಲ್ಲಿ ಎದುರಿನ ಟೀ ಅಂಗಡಿಯ ಟಿ.ವಿ.ಯಲ್ಲಿ ಗುಂಡಿನ ಶಬ್ದ ಕೇಳಿತು.

ಒಬ್ಬ ಪೊಲೀಸ್ ಅಧಿಕಾರಿ ಗೋದಾಮಿನಲ್ಲಿ ಒಬ್ಬಂಟಿಯಾಗಿ ನಿಂತಿದ್ದ. ಸುತ್ತಲೂ ಲಾಂಗು ಹಿಡಿದ ಖದೀಮರು. ಅವನನ್ನು ಆ ಸ್ಥಿತಿಯಲ್ಲಿ ಬಿಟ್ಟುಹೋಗಲು ನನಗೆ ಮನಸ್ಸಾಗಲಿಲ್ಲ. ಒಂದು ಟೀ ಹೇಳಿದೆ. ಕೊನೆಯ ಖದೀಮ ನೆಲಕ್ಕೆ ಬಿದ್ದಾಗ ಸಮಾಧಾನದಿಂದ ತಿರುಗಿ ನೋಡಿದೆ.

ಬಿಳಿ ಪಂಚೆ, ದಪ್ಪ ಮೀಸೆಯ ಹಿರಿಯರೊಬ್ಬರು ನನ್ನ ಸ್ಕೂಟರ್ ಮೇಲೆ ಕುಳಿತು ಹೊರಟೇಬಿಟ್ಟರು. ಹಾರದ ಸಮೇತ!

ಸಾಮಾನ್ಯ ಮನುಷ್ಯ ಆಗ "ಕಳ್ಳ, ಕಳ್ಳ" ಎಂದು ಕೂಗುತ್ತಾನೆ. ನಾನು ಕೂಗಲಿಲ್ಲ. ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ಹಾದುಹೋಗುತ್ತಿದ್ದ ಆಟೋಗೆ ಅಡ್ಡಲಾಗಿ ಜಿಗಿದೆ. ಜಿಗಿತದಲ್ಲಿ ಬಲಗಾಲಿನ ಚಪ್ಪಲಿ ಚರಂಡಿಗೆ ಬಿತ್ತು. ಕರ್ತವ್ಯದ ಮುಂದೆ ಚಪ್ಪಲಿ ಯಾವ ಲೆಕ್ಕ?

"ಆ ಗಾಡಿನ ಫಾಲೋ ಮಾಡು!" ಎಂದೆ. ಜೀವಮಾನವೆಲ್ಲ ಹೇಳಬೇಕೆಂದು ಕಾದಿದ್ದ ಮಾತು.

ಆಟೋ ಓಡಿಸುತ್ತಿದ್ದ ಮೊಯ್ದು ಹಿಂದಕ್ಕೆ ತಿರುಗಿದ. "ಯಾವ ಗಾಡಿ ಸಾರ್? ಮುಂದೆ ತುಂಬಾ ಗಾಡಿ ಉಂಟಲ್ಲ."

"ಬೂದು ಸ್ಕೂಟರ್! ಹೂವು ನೇತಾಡ್ತಾ ಇದೆ ನೋಡು. ಬಿಡಬೇಡ ಅವನನ್ನ!"

"ಹಿಡಿದಿದ್ರೆ ಅಲ್ವಾ ಸಾರ್ ಬಿಡೋದು" ಎಂದು ಹೇಳಿ ಮೊಯ್ದು ಗೇರ್ ಹಾಕಿದ.

ನಾನು ನೋಡಿದ ಯಾವ ಸಿನಿಮಾದಲ್ಲೂ ಬೆನ್ನಟ್ಟುವ ವಾಹನ ನಡುವೆ ನಿಂತು ಹಲಸಿನಹಣ್ಣು ಹತ್ತಿಸಿಕೊಂಡದ್ದಿಲ್ಲ. ಇಲ್ಲಿ ಹತ್ತಿಸಿಕೊಂಡಿತು. ಹಣ್ಣಿನ ಜೊತೆ ಒಬ್ಬ ಅಜ್ಜಿಯೂ ಹತ್ತಿದರು.

"ಏನಯ್ಯಾ ಇದು!"

"ಅವ್ರು ದಿನಾ ನಂದೇ ಆಟೋದಲ್ಲಿ ಹೋಗೋದು ಸಾರ್. ಆಸ್ಪತ್ರೆ ಹತ್ರ ಇಳೀತಾರೆ. ನೀವು ಇವತ್ತು ಬರ್ತೀರಿ, ನಾಳೆ ಬರ್ತೀರಾ?"

ಅಜ್ಜಿ ಹಲಸಿನಹಣ್ಣನ್ನು ನನ್ನ ನೋಯುವ ಮಂಡಿಯ ಮೇಲೆ ಇಟ್ಟು, "ಸ್ವಲ್ಪ ಹಿಡ್ಕಳಪ್ಪ" ಎಂದರು. ಹಿಡಿದುಕೊಂಡೆ. ಮುಂದೆ ಶುಂಠಿ ಮೂಟೆ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ಹಿಂದೆ ಮುಂದೆ ಮಾಡುತ್ತಿತ್ತು. ಕಳ್ಳನೂ ನಿಂತಿದ್ದ, ನಾವೂ ನಿಂತೆವು. ನಡುವೆ ನಾಲ್ಕು ಗಾಡಿ ಅಷ್ಟೇ. ಇಳಿದು ಓಡಿದರೆ ಹಿಡಿಯಬಹುದಿತ್ತು. ಆದರೆ ಮಡಿಲಲ್ಲಿ ಹಣ್ಣಿತ್ತು!

ಆಗ ಫೋನ್ ಬಂತು. ಸುಮಾ.

"ಎಲ್ಲಿದ್ದೀರಿ? ಪುರೋಹಿತರು ಹುಡುಗಿನ ಕರೀರಿ ಅಂತಿದ್ದಾರೆ."

"ಚೇಸಿಂಗ್‌ನಲ್ಲಿದ್ದೀನಿ!"

"ಶೇವಿಂಗಾ? ಈಗ್ಲಾ? ಬೆಳಗ್ಗೇನೇ ಮಾಡ್ಕೊಂಡ್ರಲ್ರೀ!"

ಲಾರಿ ದಾರಿ ಬಿಟ್ಟಿತು. ಫೋನ್ ಇಟ್ಟೆ. ಅಜ್ಜಿ ಆಸ್ಪತ್ರೆಯ ಹತ್ತಿರ ಇಳಿದು, ಹಣ್ಣು ಇಸಿದುಕೊಂಡು, "ನಿಧಾನಕ್ಕೆ ಹೋಗಿ" ಎಂದು ಹರಸಿದರು. ಮೊಯ್ದು ಆ ಮಾತನ್ನು ಶಿರಸಾವಹಿಸಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ನಡೆದದ್ದನ್ನು ನನ್ನ ಕಣ್ಣೇ ನಂಬಲಿಲ್ಲ. ಕಳ್ಳ ಸ್ಕೂಟರನ್ನು ಎಡಕ್ಕೆ ತಿರುಗಿಸಿ ಸೀದಾ ಪೊಲೀಸ್ ಠಾಣೆಯ ಆವರಣದೊಳಗೆ ನುಗ್ಗಿಸಿದ! ಸ್ಟ್ಯಾಂಡ್ ಹಾಕಿ, ಹಾರದ ಚೀಲ ತೆಗೆದುಕೊಂಡು ಮೆಟ್ಟಿಲು ಹತ್ತಿದ. ಎಂಥ ಧೈರ್ಯ!

"ಕಳ್ಳನಿಗೆ ಪೊಲೀಸರಲ್ಲೂ ಜನ ಇದ್ದಾರೆ ಮೊಯ್ದು" ಎಂದೆ ಗಂಭೀರವಾಗಿ.

"ನಾನು ಹೊರಡ್ತೇನೆ ಸಾರ್, ಸ್ಕೂಲ್ ಬಿಡೋ ಟೈಮ್ ಆಯ್ತು" ಎಂದು ಅವನು ಹೊರಟುಹೋದ.

ನಾನು ಒಂದೇ ಚಪ್ಪಲಿಯಲ್ಲಿ ಠಾಣೆಯ ಬಾಗಿಲಲ್ಲಿ ನಿಂತು, "ಯಾರೂ ಅಲ್ಲಾಡ್ಬೇಡಿ!" ಎಂದು ಗುಡುಗಿದೆ.

ಒಳಗಿದ್ದವರೆಲ್ಲ ಪೊಲೀಸರು. ಯಾರೂ ಅಲ್ಲಾಡಲಿಲ್ಲ, ಏಕೆಂದರೆ ಯಾರಿಗೂ ಅಲ್ಲಾಡುವ ಅಗತ್ಯ ಕಾಣಲಿಲ್ಲ. ಸ್ವೆಟರ್ ಹಾಕಿಕೊಂಡು ಕುಳಿತಿದ್ದ ಸಬ್ ಇನ್ಸ್‌ಪೆಕ್ಟರ್ ಮೇಡಂ ಒಬ್ಬರು ಚಿತ್ರಾನ್ನದ ಡಬ್ಬಿ ಮುಚ್ಚಿ ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದರು. ನಮ್ಮ ಕಳ್ಳ ಅವರೆದುರಿನ ಬೆಂಚಿನ ಮೇಲೆ ಹಾರದ ಚೀಲ ಇಟ್ಟುಕೊಂಡು ನಿಂತಿದ್ದ.

"ನಿನ್ನ ಆಟ ಮುಗೀತು" ಎಂದು ಅವನಿಗೆ ಹೇಳಿ, ಮೇಡಂ ಕಡೆ ತಿರುಗಿದೆ. "ಮೇಡಂ, ಇವನು ನನ್ನ ಸ್ಕೂಟರ್ ಕದ್ದಿದ್ದಾನೆ. ಮಾಲು ಸಮೇತ ಹಿಡಿದುಕೊಟ್ಟಿದ್ದೀನಿ."

"ಗಾಡಿ ನಂಬರ್ ಹೇಳಿ" ಎಂದರು ಮೇಡಂ.

ಸಿನಿಮಾದಲ್ಲಿ ಮಿಂಚಿ ಮಾಯವಾಗುವ ಕಾರಿನ ನಂಬರನ್ನೂ ನಾಯಕನಿಗಿಂತ ಮೊದಲೇ ಹೇಳುವವನು ನಾನು. ನನ್ನದೇ ಗಾಡಿಯ ನಂಬರ್ ಮಾತ್ರ ಯಾವತ್ತೂ ನೋಡಿರಲಿಲ್ಲ.

"ಕೆ.ಎ. ಹನ್ನೆರಡು..." ಎಂದೆ.

"ಅದು ಇಡೀ ಕೊಡಗಿಗೇ ಇರೋದು. ಮುಂದೆ?"

ಮುಂದೆ ನನಗೆ ಏನೂ ತೋಚಲಿಲ್ಲ. ಹಿರಿಯರು ಜೇಬಿನಿಂದ ಆರ್.ಸಿ. ತೆಗೆದು ಮೇಜಿನ ಮೇಲಿಟ್ಟರು. ಕೀಲಿಯನ್ನೂ ಇಟ್ಟರು. ನಾನು ನನ್ನ ಕೀಲಿ ತೋರಿಸಿದೆ. ಪೇದೆಯೊಬ್ಬರು ಎರಡನ್ನೂ ತೆಗೆದುಕೊಂಡು ಹೊರಗೆ ಹೋಗಿ ಬಂದು, "ಎರಡರಲ್ಲೂ ಸ್ಟಾರ್ಟ್ ಆಗ್ತದೆ ಮೇಡಂ. ಹಳೇ ಲಾಕು, ಸವೆದುಹೋಗಿದೆ. ಆದ್ರೆ ಗಾಡಿ ಇವರದ್ದೇ" ಎಂದು ಹಿರಿಯರನ್ನು ತೋರಿಸಿದರು.

ನಾನು ಪೇದೆಯ ಕೈಯಿಂದ ನನ್ನ ಕೀಲಿಯನ್ನು ಮೆಲ್ಲಗೆ ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ.

"ಆಗ್ಲೇ ಬಂದು ಗಾಡಿ ಕಳುವಾಗಿದೆ ಅಂತ ಹೇಳಿ ಹೋಗಿದ್ದೆ ಮೇಡಂ" ಎಂದರು ಹಿರಿಯರು. "ವಾಪಸ್ ಹೋಗ್ತಾ ಮಾರ್ಕೆಟ್ ಹತ್ರ ನೋಡ್ತೀನಿ, ಹೂವಿನ ಅಂಗಡಿ ಮುಂದೆ ನಿಂತಿದೆ! ಸಿಕ್ತು ಅಂತ ಹೇಳಿ, ಕಳ್ಳನ ಹೂವು ಒಪ್ಪಿಸಿ ಹೋಗಣ ಅಂತ ಬಂದೆ. ಕಳ್ಳನೇ ಹಿಂದಿಂದ ಬರ್ತಾನೆ ಅಂತ ಗೊತ್ತಿರ್ಲಿಲ್ಲ."

"ಎಲ್ಲಿ ಕಳುವಾಗಿದ್ದು ಅಂದ್ರಿ?"

"ಮದುವೆ ಮಂಟಪದ ಹತ್ರ. ನಮ್ಮ ತಮ್ಮನ ಮಗನ ಮದುವೆ ಇವತ್ತು."

"ಹುಡುಗಿ ಹೆಸರು ಚೈತ್ರಾನಾ?" ಎಂದು ಕೇಳಿದೆ.

"ಹೌದು. ನಿಮಗೆ ಹೇಗೆ ಗೊತ್ತು?"

"ನಾನು ಹುಡುಗಿ ಸೋದರಮಾವ."

ಅವರು ಮೀಸೆಯ ಮೇಲೆ ಕೈಯಿಟ್ಟು ನಿಂತೇಬಿಟ್ಟರು. ಅವರು ಗಂಡಿನ ದೊಡ್ಡಪ್ಪ ಮಲ್ಲೇಶಪ್ಪನವರು, ಶನಿವಾರಸಂತೆ ಕಡೆಯವರು. ನಿಶ್ಚಿತಾರ್ಥಕ್ಕೆ ಬಂದಿರಲಿಲ್ಲವಾದ್ದರಿಂದ ನಮ್ಮಿಬ್ಬರಿಗೆ ಪರಿಚಯವಾಗಿರಲಿಲ್ಲ. ಈಗ ಆಯಿತು. ನಾನು ಅವರಿಗೆ ಮೊದಲು ಹೇಳಿದ ಮಾತು "ನಿನ್ನ ಆಟ ಮುಗೀತು" ಎಂಬುದು.

ಮೇಡಂ ಹಣೆ ಒತ್ತಿಕೊಂಡರು. ಅವರಿಗೂ ಆಯಾಸವಾಗಿತ್ತು. "ಕಂಪ್ಲೇಂಟ್ ಕೊಡ್ತೀರಾ?" ಎಂದು ಮಲ್ಲೇಶಪ್ಪನವರನ್ನು ಕೇಳಿದರು.

ಅವರು ಬಹಳ ಹೊತ್ತು ಯೋಚಿಸಿದರು. ಅಷ್ಟು ಹೊತ್ತು ಯೋಚಿಸಬೇಕಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಹೆಣ್ಣಿನ ಸೋದರಮಾವ ಕಳ್ಳತನದ ಕೇಸಿನಲ್ಲಿ ಠಾಣೆಯಲ್ಲಿದ್ದಾನೆಂದರೆ ಆ ಮಗು ಮುಖ ಎಲ್ಲಿಟ್ಟುಕೊಳ್ಳಬೇಕು? ಅಕ್ಕನಿಗೆ ಏನು ಹೇಳುವುದು? ಆ ಕ್ಷಣ ನನಗೆ ಯಾವ ಸಿನಿಮಾವೂ ನೆನಪಾಗಲಿಲ್ಲ. ಎರಡು ಕೈ ಜೋಡಿಸಿದೆ.

"ತಪ್ಪಾಯ್ತು ಬೀಗರೇ" ಎಂದೆ.

"ಬೇಡ ಬಿಡಿ ಮೇಡಂ" ಎಂದರು ಅವರು ಕೊನೆಗೆ. "ಬೀಗರು ಅಂದ್ಮೇಲೆ ಏನ್ ಮಾಡೋದು? ಒಳ್ಳೇ ಹುಡುಗಿ ಪಾಪ. ಎಲ್ಲರ ಮನೇಲೂ ಇಂಥೋರು ಒಬ್ರು ಇರ್ತಾರೆ."

"ಹಾಗಾದ್ರೆ ಇವರನ್ನ ಹಿಂದೆ ಕೂರಿಸ್ಕೊಂಡು ಹೋಗಿ. ಮುಹೂರ್ತ ಮೀರುತ್ತೆ."

"ಅದು ಮಾತ್ರ ಆಗಲ್ಲ ಮೇಡಂ" ಎಂದು ಹೇಳಿ ಮಲ್ಲೇಶಪ್ಪನವರು ಹೊರಟೇ ಹೋದರು. ಹಾರ ನನ್ನ ಕೈಯಲ್ಲಿ ಉಳಿಯಿತು. ಸಬ್ ಇನ್ಸ್‌ಪೆಕ್ಟರ್ ನಿಟ್ಟುಸಿರುಬಿಟ್ಟು, ಆ ಕಡೆಗೇ ಹೊರಟಿದ್ದ ಜೀಪಿನಲ್ಲಿ ನನ್ನನ್ನು ಹತ್ತಿಸಿಕೊಂಡರು. ಪೊಲೀಸ್ ಜೀಪಿನಲ್ಲಿ ಕೂರಬೇಕೆಂಬ ನನ್ನ ಆಸೆ ಹೀಗೆ ನೆರವೇರಿತು. ಹಿಂದಿನ ಸೀಟು.

ದಾರಿಯಲ್ಲಿ ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ. "ಮೇಡಂ, ನೀವು ಚೇಸಿಂಗ್ ಮಾಡಿದ್ದೀರಾ?"

"ಒಂದ್ಸಲ" ಎಂದರು ಅವರು. "ಮಾಕುಟ್ಟ ಚೆಕ್‌ಪೋಸ್ಟಿಂದ ಒಂದು ಲಾರಿ ಹಿಂದೆ ಹೋಗಿದ್ವಿ. ಘಾಟಿ ತಿರುವಿನಲ್ಲಿ ನನಗೆ ವಾಂತಿ ಆಯ್ತು."

ಜೀಪು ಮಂಟಪದ ಮುಂದೆ ನಿಲ್ಲುವ ಹೊತ್ತಿಗೆ ಮಲ್ಲೇಶಪ್ಪನವರು ನನಗಿಂತ ಮೊದಲೇ ತಲುಪಿ, ವಿಷಯವನ್ನು ಒಂದಕ್ಷರವೂ ಬಿಡದೆ ಹೇಳಿ ಮುಗಿಸಿದ್ದರು. ಎರಡೂ ಕಡೆಯ ನೆಂಟರು ಬಾಗಿಲಲ್ಲಿ ಸೇರಿದ್ದರು. ವಾಲಗದವರು ಪೊಲೀಸ್ ಜೀಪು ಕಂಡು ಬಾರಿಸುವುದನ್ನೇ ನಿಲ್ಲಿಸಿದರು. ಜನರ ಹಿಂದೆ, ಗೋಡೆಯ ಪಕ್ಕ, ನನ್ನ ಸ್ಕೂಟರ್ ತಣ್ಣಗೆ ನಿಂತಿತ್ತು.

ಪುರೋಹಿತರು ಮಂತ್ರವನ್ನು ಎಳೆದು ಎಳೆದು ಗಂಟಲು ಕಟ್ಟಿಸಿಕೊಂಡಿದ್ದರು. ಸುಮಾ ನನ್ನ ಕೈಯಿಂದ ಹಾರ ಕಿತ್ತುಕೊಂಡು, ಬರಿಗಾಲು ನೋಡಿ, "ಇನ್ನೊಂದನ್ನೂ ಬಿಡಿ, ಒಳಗೆ ನಡೀರಿ" ಎಂದಳು. ನಾನು ಚೈತ್ರಾಳ ಕೈ ಹಿಡಿದು ಹಸೆಮಣೆಗೆ ಕರೆದುಕೊಂಡು ಹೊರಟೆ. ಅವಳ ಕೈ ನಡುಗುತ್ತಿತ್ತು. ಅಳುತ್ತಿದ್ದಾಳೆಂದು ನನ್ನ ಕರುಳು ಚುರುಕ್ ಎಂದಿತು. ಬಗ್ಗಿ ನೋಡಿದೆ. ನಗು ತಡೆದುಕೊಳ್ಳುತ್ತಿದ್ದಳು.

"ಮಾವ, ಲಾಕಪ್ಪಿಗೆ ಹಾಕಿದ್ರಾ?" ಎಂದು ಪಿಸುಗುಟ್ಟಿದಳು.

ಮದುವೆ ನಡೆಯಿತು. ಊಟದಲ್ಲಿ ಮಲ್ಲೇಶಪ್ಪನವರು ನನ್ನ ಪಕ್ಕದಲ್ಲೇ ಕುಳಿತರು. ಸ್ಕೂಟರಿನ ಕೀಲಿಯನ್ನು ಮಾತ್ರ ಊಟ ಮುಗಿಯುವವರೆಗೂ ಎಡಗೈಯಲ್ಲಿ ಬಿಗಿಯಾಗಿ ಹಿಡಿದೇ ಇದ್ದರು.

ಒಂದೆರಡು ತಿಂಗಳ ನಂತರ ಅಕ್ಕನ ಮನೆಯಲ್ಲಿ ಎಲ್ಲರೂ ಕೂತು ಮದುವೆಯ ವಿಡಿಯೋ ನೋಡಿದೆವು. ಅದರಲ್ಲಿ ನಾನು ಪೊಲೀಸ್ ಜೀಪಿನಿಂದ ಇಳಿಯುವ ದೃಶ್ಯವಿತ್ತು. ಮೊದಲು ಒಂದು ಕಾಲು ಹೊರಗೆ ಬರುತ್ತದೆ. ಆಮೇಲೆ ಹಾರ ಹಿಡಿದ ಕೈ. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ಗಂಭೀರ ಮುಖ. ಎಲ್ಲರೂ ನಕ್ಕರು. ನನಗೆ ಮಾತ್ರ ಒಳಗೊಳಗೇ ಹೆಮ್ಮೆಯಾಯಿತು. ಇಷ್ಟೆಲ್ಲ ಅವಮಾನದ ನಡುವೆಯೂ ಒಬ್ಬ ಕಲಾವಿದ ನನ್ನನ್ನು ಗುರುತಿಸಿದ್ದ! ಆಲ್ಬಂ ಕೊಡಲು ಬಂದ ವಿಡಿಯೋದವನು ಅಲ್ಲೇ ಕಾಫಿ ಕುಡಿಯುತ್ತಾ ಕುಳಿತಿದ್ದ.

"ಪರವಾಗಿಲ್ಲಪ್ಪ, ಕೆಲಸ ಗೊತ್ತು ನಿನಗೆ" ಎಂದೆ. "ನಾನು ಇಳಿಯೋದನ್ನ ಒಳ್ಳೇ ಸ್ಲೋ ಮೋಷನ್‌ನಲ್ಲಿ ಹಾಕಿದ್ದೀಯ."

ಅವನು ಲೋಟ ಕೆಳಗಿಟ್ಟು ಸಂಕೋಚದಿಂದ ನನ್ನ ಮುಖ ನೋಡಿದ.

"ಇಲ್ಲ ಸಾರ್, ನಾನು ಎಂತದೂ ಮಾಡಿಲ್ಲ" ಎಂದ. "ನೀವು ಇಳಿದದ್ದೇ ಅಷ್ಟು ನಿಧಾನ."