ಭಾವನ ಇಪ್ಪತ್ತೆರಡು ನಿಮಿಷ

ನಾನು ಹೆದರುಪುಕ್ಕಲನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ತಪ್ಪು ತಿಳಿಯಬಾರದು. ಮೂವತ್ತು ವರ್ಷಗಳಿಂದ ಕಳಮಶ್ಶೇರಿಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತಿದ್ದೇನೆ. ಕಬ್ಬಿಣವನ್ನು ಬಿಗಿದು ತಿರುಗಿಸುವ ಚಕ್ಕಿನಿಂದ ಕಿತ್ತುಬಂದ ತುಂಡು ಕಿವಿಯ ಪಕ್ಕದಲ್ಲೇ ಹಾರಿ ಹೋಗಿ ಗೋಡೆಯಲ್ಲಿ ಗುಳಿ ಮಾಡಿದ ದಿನವೂ ಹಿಡಿದ ಕೆಲಸ ಮುಗಿಸಿಯೇ ಚಹಾ ಕುಡಿದವನು. ಅಂಥ ನನಗೂ ತಿಂಗಳ ಎರಡನೇ ಶನಿವಾರ ಬಂತೆಂದರೆ ಮನೆ ಬಿಟ್ಟು ವರ್ಕ್‌ಶಾಪಿಗೆ ಓಡಿಹೋಗೋಣ ಎನಿಸುತ್ತದೆ. ಆ ದಿನ ತಿರುವನಂತಪುರದಿಂದ ಬೆಳಗಿನ ರೈಲಿಗೆ ನನ್ನ ಭಾವ ಬರುತ್ತಾರೆ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಆಕಾಶಕ್ಕೆ ಏನೇನೋ ಹಾರಿಸುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ವಿಜ್ಞಾನಿ. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ ಸಮಯ ಸಿಗಲಿಲ್ಲ ಎನ್ನುತ್ತಾರೆ. ಅವರ ಸಮಯವೆಲ್ಲ ಎಲ್ಲಿ ಹೋಯಿತು ಎಂದು ನನಗೆ ಗೊತ್ತು. ಇಂಗ್ಲೆಂಡಿನ ಒಂದು ರಾಕ್ ತಂಡ ಅದನ್ನು ಇಪ್ಪತ್ತೆರಡು ಇಪ್ಪತ್ತೆರಡು ನಿಮಿಷಗಳ ತುತ್ತು ಮಾಡಿ ತಿಂದಿದೆ. ಹೌದು, ಒಂದು ಹಾಡಿಗೆ ಇಪ್ಪತ್ತೆರಡು ನಿಮಿಷ! ಅದರಲ್ಲಿ ಬಾಯಿ ಬಿಟ್ಟು ಹಾಡುವುದು ನಾಲ್ಕೇ ನಿಮಿಷ. ಉಳಿದದ್ದು ಗಿಟಾರು, ಆರ್ಗನ್ನು, ಡ್ರಮ್ಮು, ನಡುವೆ ಎಲ್ಲೋ ಹಕ್ಕಿಯ ಕೂಗು, ಇನ್ನೆಲ್ಲೋ ಬಾಗಿಲು ಹಾಕಿದ ಸದ್ದು. ಮೊದಲ ಸಲ ಕೇಳಿದಾಗ ನಾನು ಎದ್ದು ಹೋಗಿ ಬಾಗಿಲು ತೆರೆದು ನೋಡಿ ಬಂದಿದ್ದೆ.

ಈ ತಂಡ ಐವತ್ತು ವರ್ಷ ದಾಟಿಯೂ ನಡೆಯುತ್ತಿದೆ. ಮೊದಲು ಇದ್ದವರಲ್ಲಿ ಒಬ್ಬರೂ ಈಗ ಅದರಲ್ಲಿಲ್ಲ. ಕೆಲವರು ಜಗಳವಾಡಿ ಹೊರಗೆ, ಕೆಲವರು ಭೂಮಿಯಿಂದಲೇ ಹೊರಗೆ. ಹಾಗಾದರೆ ಅದು ಅದೇ ತಂಡ ಹೇಗೆ ಭಾವ ಎಂದು ಒಮ್ಮೆ ಕೆಣಕಿದೆ. ಅವರು ತಣ್ಣಗೆ ಕೇಳಿದರು: "ನಿನ್ನ ಲೇತಿಗೆ ಮೋಟರು ಬದಲಾಯ್ತು. ಚಕ್ ಬದಲಾಯ್ತು. ಗೇರು ಎರಡು ಸಲ ಬದಲಾಯ್ತು. ಆದ್ರೂ ನೀನು ಅದನ್ನು ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟ ಲೇತ್ ಅಂತ ಹೇಳುದಲ್ವ ಮಾರಾಯ?" ಎಂಟನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟ ನಾನು ಮರುದಿನ ಲೇತಿನಲ್ಲಿ ಮೇಸ್ತ್ರಿ ಕೊಟ್ಟಾಗಿನ ಭಾಗ ಯಾವುದು ಉಳಿದಿದೆ ಎಂದು ಹುಡುಕಿ ನೋಡಿದೆ.

ಆ ತಂಡದ ಹಳೆಯ ಡ್ರಮ್ಮರ್ ತೀರಿಕೊಂಡ ಸುದ್ದಿ ಬಂದ ದಿನ ಭಾವ ತಲೆಗೆ ಸ್ನಾನ ಮಾಡಿ, ಊಟ ಬೇಡ ಎಂದು ಫೋನಿನಲ್ಲಿ ಹೇಳಿದರು. ನನ್ನ ಹೆಂಡತಿ ಗಾಬರಿಯಿಂದ ಪಂಚಾಂಗದ ಹಿಂದಿನ ಪುಟ ತೆಗೆದಳು. ತಂದೆ, ತಾಯಿ, ದಾಯಾದಿ, ಎಲ್ಲರಿಗೂ ಎಷ್ಟು ದಿನದ ಸೂತಕವೆಂದು ಬರೆದಿತ್ತು. ಡ್ರಮ್ಮರಿಗೆ ಬರೆದಿರಲಿಲ್ಲ. ಕೊನೆಗೆ ಅವಳೇ, ಮೂರು ದಿನ ಸಾಕು, ದೂರದ ಸಂಬಂಧವಲ್ಲವೇ ಎಂದು ತೀರ್ಪು ಕೊಟ್ಟಳು.

ಇಷ್ಟೆಲ್ಲ ತಿರುವನಂತಪುರದಲ್ಲೇ ಮುಗಿದರೆ ನನಗೇನು ಕಷ್ಟ? ಆದರೆ ಅವರ ರೆಕಾರ್ಡ್ ಪ್ಲೇಯರ್ ಇರುವುದು ತ್ರಿಪ್ಪುಣಿತ್ತುರದ ನಮ್ಮ ಮನೆಯಲ್ಲಿ. ತಪ್ಪು ನನ್ನದೇ. ಇಪ್ಪತ್ತು ವರ್ಷಗಳ ಹಿಂದೆ ಅದರ ತಟ್ಟೆ ತಿರುಗಿಸುವ ಶಾಫ್ಟ್ ಸವೆದು, ಹಾಡು ಕುಡಿದವರ ಹಾಗೆ ಓಲಾಡುತ್ತಿತ್ತು. ಬಿಡಿಭಾಗ ಎಲ್ಲಿಯೂ ಸಿಗಲಿಲ್ಲ. ನಾನು ಒಂದು ಭಾನುವಾರ ಕೂತು ಲೇತಿನಲ್ಲಿ ಸ್ಟೀಲಿನ ಹೊಸ ಶಾಫ್ಟ್ ಕಡೆದು ಕೊಟ್ಟೆ. ಕೂದಲೆಳೆಯನ್ನು ಉದ್ದಕ್ಕೆ ಸೀಳಿದರೆ ಎಷ್ಟೋ ಅಷ್ಟು ಕೂಡ ವ್ಯತ್ಯಾಸವಿಲ್ಲ. ಭಾವ ಕೇಳಿ ನೋಡಿ, ಇನ್ನು ಇದು ಇಲ್ಲೇ ಇರಲಿ, ಮಾಡಿದವನ ಹತ್ತಿರವೇ ಇದ್ದರೆ ಒಳ್ಳೆಯದು ಎಂದರು. ನಾನೂ ಉಬ್ಬಿ ಹೋಗಿ ಒಪ್ಪಿಕೊಂಡೆ!

ಅವರ ನಿಯಮಗಳು ಕಟ್ಟುನಿಟ್ಟು. ಹಾಡಿಗೆ ಕೂರುವ ಮೊದಲು ಕನ್ನಡಕ ತೆಗೆದಿಡಬೇಕು. ಕಣ್ಣಿಗೆ ಕೆಲಸ ಕೊಟ್ಟರೆ ಕಿವಿ ಸೋಮಾರಿಯಾಗುತ್ತದಂತೆ. ಸೂಜಿ ಇಟ್ಟ ಮೇಲೆ ಯಾರೂ ಮಾತಾಡಬಾರದು, ಏಳಬಾರದು, ಬಾಗಿಲು ತೆರೆಯಬಾರದು. ಒಮ್ಮೆ ಒಲೆಯ ಮೇಲೆ ಕುಕ್ಕರ್ ಇತ್ತು. ಮೂರು ಸಲ ಕೂಗಿತು, ಐದು ಸಲ ಕೂಗಿತು, ಒಂಬತ್ತಾಯಿತು. ನನ್ನ ಹೆಂಡತಿಯ ಮುಖ ಬಿಳಿಚಿತು. ಬೇಳೆ ಸಮೇತ ಛಾವಣಿಯೂ ಹಾರಿಹೋಗುವುದನ್ನು ನಾನು ಮನಸ್ಸಿನಲ್ಲೇ ನೋಡಿದೆ. ಕೊನೆಗೆ ಅವಳು ತೆವಳಿಕೊಂಡು ಹೋಗಿ ಗ್ಯಾಸ್ ಆರಿಸಿದಳು. ಹಾಡು ಮುಗಿದ ಮೇಲೆ ಭಾವ ಹೇಳಿದ್ದಿಷ್ಟೆ: "ಕುಕ್ಕರಿಗೆ ತಾಳ ಇಲ್ಲ ತಂಗಿ." ಅಂದಿನಿಂದ ಎರಡನೇ ಶನಿವಾರ ನಮ್ಮಲ್ಲಿ ಬೇಳೆ ಬೇಯುವುದು ಹಾಡಿನ ನಂತರವೇ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. "ಇದೆಪ್ಪೋ ತೀರುಂ?" ಎಂದು ಒಮ್ಮೆ ಪಿಸುಗುಟ್ಟಿದಳು. ಇದು ಯಾವಾಗ ಮುಗಿಯುತ್ತದೆ ಎಂದು. ನಾನೂ ಮನಸ್ಸಿನಲ್ಲಿ ಅದನ್ನೇ ಕೇಳುತ್ತಿದ್ದೆ.

ಹಾಡು ಏಳು ಪೆಟ್ಟಿನ ತಾಳದಲ್ಲಿ ನಡೆಯುತ್ತದೆ ಎಂಬುದು ಭಾವನ ಪಾಠ. ನಾವು ಮಂಗಳೂರು ಕಡೆಯವರು. ಭಜನೆಯಲ್ಲಿ ಎಂಟಕ್ಕೆ ತಾಳ ಹಾಕಿ ಬೆಳೆದ ಕೈ ನನ್ನದು. ಭಾವ ತೊಡೆಯ ಮೇಲೆ ತೋರುಬೆರಳಿನಿಂದ ಆರು ಪೆಟ್ಟು ಹಾಕಿ ಏಳನೆಯದಕ್ಕೆ ಕೈಯನ್ನು ಗಾಳಿಯಲ್ಲಿ ಎತ್ತುತ್ತಾರೆ. ಮನೆಯಲ್ಲಾದರೆ ಸರಿ. ಸ್ಕೂಟರಿನ ಮೇಲೂ ಎತ್ತುತ್ತಾರೆ! ಕಳೆದ ವರ್ಷ ಎಡಪ್ಪಳ್ಳಿ ಸಿಗ್ನಲ್ಲಿನಲ್ಲಿ ಅವರು ಮುಂದೆ, ನಾನು ಹಿಂದೆ. ಹಸಿರು ದೀಪ ಬಂತು. ಸ್ಕೂಟರು ಅಲುಗಲಿಲ್ಲ. ಹಿಂದಿನಿಂದ ಬಸ್ಸಿನ ಹಾರ್ನು ನನ್ನ ಬೆನ್ನು ಹುರಿಯಲ್ಲೇ ಮೊಳಗಿತು. ಭಾವ ಎಂದು ಬೆನ್ನು ತಟ್ಟಿದೆ. ಅವರು ತಿರುಗಿ, ಎಂತ, ಎಂದರು. ಬಸ್ಸು ನಮ್ಮ ಹಿಂದಿನ ನಂಬರ್ ಪ್ಲೇಟಿಗೆ ಮುತ್ತಿಡುವಷ್ಟು ಹತ್ತಿರವಿತ್ತು. ಆಗ ನಾನು ತಿಳಿದದ್ದು, ಈ ಮನುಷ್ಯ ಏಳು ಮುಗಿಯದೆ ಹೊರಡುವುದಿಲ್ಲ ಎಂದು. ಊರೆಲ್ಲ ಹೇಳಿ ನಗಿಸಿದೆ ಕೂಡ. ಎಂಥ ಪೆದ್ದ ನಾನು!

ಏಕೆಂದರೆ ಅದಾದ ಎರಡು ತಿಂಗಳಿಗೆ ಭಾವ ಒಂದು ವಿಚಿತ್ರ ಕೆಲಸ ಮಾಡಿದರು. ಹಾಡಿನ ಸದ್ದನ್ನು ತಗ್ಗಿಸಿಯೇ ಇಟ್ಟರು. ಕೆಳಗಿನ ಮನೆಯವರಿಗೆ ತೊಂದರೆಯಾಗಬಾರದು ಎಂದರು. ಇಪ್ಪತ್ತು ವರ್ಷ ಕೆಳಗಿನ ಮನೆಯವರ ಪಾತ್ರೆಗಳನ್ನು ನಡುಗಿಸಿದ ಮನುಷ್ಯ! ನನಗೆ ಆ ಕ್ಷಣವೇ ಏನೋ ಸರಿಯಿಲ್ಲ ಎನಿಸಿತು. ಸದ್ದು ಮಾಡುತ್ತಿದ್ದ ಮೆಷಿನ್ ಒಮ್ಮೆಲೇ ಸುಮ್ಮನಾದರೆ ಕೆಲಸ ಗೊತ್ತಿದ್ದವನು ಖುಷಿಪಡುವುದಿಲ್ಲ.

ಸೂಜಿ ಇಟ್ಟರು, ಕನ್ನಡಕ ತೆಗೆದರು, ಕಣ್ಣು ಮುಚ್ಚಿದರು. ಹನ್ನೊಂದನೇ ನಿಮಿಷಕ್ಕೆ ಸೂಜಿ ಒಂದು ಗೀರಿನಲ್ಲಿ ಸಿಕ್ಕಿಕೊಂಡಿತು. ಅದೇ ಎರಡು ಪೆಟ್ಟು, ಮತ್ತೆ ಅದೇ ಎರಡು ಪೆಟ್ಟು. ಮೊದಲು ನನಗೆ ಬೆವರು ಬಂದದ್ದು ನನ್ನ ಶಾಫ್ಟನ್ನು ನೆನೆದು. ಇಪ್ಪತ್ತು ವರ್ಷಗಳ ಮರ್ಯಾದೆ ಹೋಯಿತೇ? ಆಮೇಲೆ ಇನ್ನೊಂದು ಸಂಶಯ ಬಂತು: ಇದು ಹಾಡಿನಲ್ಲೇ ಇದೆಯೇ? ಬಾಗಿಲು ಹಾಕಿದ ಸದ್ದನ್ನೇ ಹಾಡು ಎಂದವರು ಇದನ್ನೂ ಎನ್ನಬಹುದಲ್ಲ! ಮಾತಾಡುವಂತಿಲ್ಲ. ನಾನು ಭಾವನ ಬೆರಳು ನೋಡಿದೆ.

ಬೆರಳು ನಿಂತಿರಲಿಲ್ಲ. ರೆಕಾರ್ಡು ನಿಂತಲ್ಲೇ ನಿಂತಿತ್ತು, ಬೆರಳು ಮುಂದೆ ಹೋಗುತ್ತಿತ್ತು. ಒಂದರಿಂದ ಆರು, ಏಳಕ್ಕೆ ಕೈ ಮೇಲೆ. ಆರ್ಗನ್ ಬರಬೇಕಾದಲ್ಲಿ ಅವರ ಕುತ್ತಿಗೆ ವಾಲಿತು. ಹಕ್ಕಿ ಕೂಗಬೇಕಾದಲ್ಲಿ ಮುಗುಳ್ನಕ್ಕರು. ನಮ್ಮ ಕೋಣೆಯಲ್ಲಿ ಹಕ್ಕಿಯೂ ಇಲ್ಲ, ಆರ್ಗನ್ನೂ ಇಲ್ಲ, ಅವೇ ಎರಡು ಪೆಟ್ಟು. ಹೆಂಡತಿ ನನ್ನ ಕೈ ಹಿಡಿದಳು. ಸರಿಯಾಗಿ ಇಪ್ಪತ್ತೆರಡನೇ ನಿಮಿಷಕ್ಕೆ ಭಾವ ಕಣ್ಣು ತೆರೆದು, ದೇವರಿಗೆ ಮುಗಿಯುವ ಹಾಗೆ ಕೈಮುಗಿದು, "ಎಂಥ ಕೊನೆ ಅಲ್ವ ಮಾರಾಯ" ಎಂದು ಹೇಳಿ ಕಾಫಿಗೆ ಎದ್ದರು. ಹಿಂದೆ ರೆಕಾರ್ಡು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು.

ಚಕ್ಕಿನಿಂದ ತುಂಡು ಹಾರಿದಾಗ ಆಗದ ಹೆದರಿಕೆ ನನಗೆ ಆ ಹೊತ್ತು ಆಯಿತು. ಎಡಪ್ಪಳ್ಳಿಯಲ್ಲಿ ಬಸ್ಸಿನ ಹಾರ್ನು ಅವರಿಗೆ ಕೇಳಿಸಿಯೇ ಇರಲಿಲ್ಲ ಎಂದು ಈಗ ಅರ್ಥವಾಯಿತು.

ನೇರವಾಗಿ ವಿಚಾರಿಸಿಬಿಡಬಹುದಿತ್ತು. ಆದರೆ ಹೆಸರಿನ ಮುಂದೆ ಅಷ್ಟೊಂದು ಡಿಗ್ರಿಯ ಅಕ್ಷರಗಳಿರುವ ಹಿರಿಯರಿಗೆ, ನಿಮಗೆ ಕಿವಿ ಕೇಳುತ್ತಿಲ್ಲ ಎಂದು ಹೇಳುವುದು ಹೇಗೆ? ಮರುದಿನ ಭಾನುವಾರ ಅವರನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋದೆ. ಲೇತಿನ ಒಂದು ಬೇರಿಂಗ್ ಕೆಡಲು ಶುರುವಾಗಿತ್ತು. ನಮ್ಮ ಕೆಲಸದಲ್ಲಿ ಬೇರಿಂಗ್ ನೋಡುವ ಕ್ರಮ ಒಂದಿದೆ: ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಕೊಡುವುದು. ಗಾಳಿಯಲ್ಲಿ ಬಾರದ ಸದ್ದು ಮೂಳೆಯಲ್ಲಿ ಬರುತ್ತದೆ. ಮೇಸ್ತ್ರಿ ಕಲಿಸಿದ್ದು. ಸ್ವಲ್ಪ ನೋಡಿ ಹೇಳಿ ಭಾವ ಎಂದು ಕೊಟ್ಟೆ. ಮೂಳೆಗೂ ಕೇಳದಿದ್ದರೆ? ಒಳಗೇ ಎಲ್ಲ ಮುಗಿದಿದ್ದರೆ?

ಭಾವ ಹಿಡಿಯನ್ನು ಮೂಳೆಗೆ ಒತ್ತಿ ನಿಂತರು. ಮುಖದಲ್ಲಿ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಅವರ ಇನ್ನೊಂದು ಕೈಯ ತೋರುಬೆರಳು ಲೇತಿನ ಮೈಮೇಲೆ ತಟ್ಟಲು ಶುರುಮಾಡಿತು.

"ಇದು ಐದು ಸಲ ಸರಿ ಹೋಗ್ತದೆ, ಎರಡು ಸಲ ಕುಂಟ್ತದೆ," ಎಂದರು. "ಏಳು ಮಾರಾಯ. ನಿನ್ನ ಬೇರಿಂಗೂ ಏಳಕ್ಕೆ ಉಂಟು."

ಆಮೇಲೆ ಸ್ಕ್ರೂಡ್ರೈವರ್ ಕೊಡಲೇ ಇಲ್ಲ. ಎಲ್ಲ ಮೆಷಿನ್ನುಗಳಿಗೂ ಒತ್ತಿ ಒತ್ತಿ ಕೇಳಿದರು. ಮೋಟರಿಗೆ, ಡ್ರಿಲ್ಲಿಗೆ, ಕೊನೆಗೆ ಟೇಬಲ್ ಫ್ಯಾನಿಗೂ. ಮಗುವಿಗೆ ಪೀಪಿ ಸಿಕ್ಕ ಹಾಗೆ. ಫ್ಯಾನಿನ ಹತ್ತಿರ ನಿಂತು, ಬೆನ್ನು ನನ್ನ ಕಡೆ ಮಾಡಿ, ಹೇಳಿದರು: "ಒಂದು ವರ್ಷ ಆಯ್ತು. ಮಾತೆಲ್ಲ ತುಟಿ ನೋಡಿ ತಿಳ್ಕೊಳ್ಳುದು. ಕೇಳುದಿಲ್ಲ ಅಂತ ಹೇಳಿದ್ರೆ, ಮತ್ತೆ ನಿಮ್ಮಲ್ಲಿಗೆ ಬರ್ಲಿಕ್ಕೆ ನನಗೆ ಎಂತ ಉಂಟು?"

ಇಪ್ಪತ್ತು ವರ್ಷ ನಾನು ಈ ಮನುಷ್ಯ ಹಾಡು ಕೇಳಲು ಬರುತ್ತಾರೆ ಎಂದುಕೊಂಡಿದ್ದೆ.

ತಿರುವನಂತಪುರದ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಡಾಕ್ಟರಮ್ಮ ಟ್ಯೂನಿಂಗ್ ಫೋರ್ಕ್ ಎನ್ನುವ ಒಂದು ಕವಲು ಕಂಬಿಯನ್ನು ಬಡಿದು ಭಾವನ ಕಿವಿಯ ಹಿಂದಿನ ಮೂಳೆಗೆ ಇಟ್ಟರು. ಇದನ್ನು ನಾನು ಸ್ಕ್ರೂಡ್ರೈವರಿನಲ್ಲಿ ಮಾಡಿ ಆಗಿದೆ ಮೇಡಂ ಎಂದೆ. ಅವರು ನಕ್ಕು, ಸರಿಯಾಗಿಯೇ ಮಾಡಿದ್ದೀರಿ ಎಂದರು. ಆ ಮಾತನ್ನು ನಾನು ಇಂದಿಗೂ ಎಲ್ಲರಿಗೂ ಹೇಳುತ್ತೇನೆ. ಒಳಗಿನ ನರ ಚೆನ್ನಾಗಿದೆಯಂತೆ. ಕಿವಿಯೊಳಗಿನ ಒಂದು ಪುಟ್ಟ ಮೂಳೆ ತುಕ್ಕು ಹಿಡಿದ ಹಾಗೆ ಬಿಗಿದುಕೊಂಡಿದೆಯಂತೆ. ಅದನ್ನು ತೆಗೆದು ಪಿಸ್ಟನ್ ಕೂರಿಸುತ್ತಾರಂತೆ. ಪಿಸ್ಟನ್! ಅಕ್ಕಿಕಾಳಿಗಿಂತ ಚಿಕ್ಕದು, ಗುಂಡುಸೂಜಿಯಷ್ಟು ದಪ್ಪ. ಅದನ್ನು ಯಾವ ಲೇತಿನಲ್ಲಿ ಕಡೆಯುತ್ತಾರೆ ಎಂದು ಕೇಳಿದೆ. ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಹೆಚ್ಚು ಕೆಟ್ಟ ಕಿವಿಗೆ ಮೊದಲು ಆಪರೇಷನ್ ಎಂದರು. ಅದು ಎಡಗಿವಿ. "ಎಡ ಸ್ಪೀಕರ್ ಅಂದ್ರೆ ಗಿಟಾರು," ಎಂದು ಭಾವ ನನಗೆ ಮೆಲ್ಲಗೆ ಹೇಳಿದರು, "ಬಲದ ಆರ್ಗನ್ ಸ್ವಲ್ಪ ಕಾಯ್ತದೆ."

ಎಲ್ಲ ಸರಿ. ಆದರೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು: ಅಪರೂಪಕ್ಕೆ ಒಬ್ಬೊಬ್ಬರಿಗೆ, ಇದ್ದದ್ದೂ ಹೋಗುತ್ತದೆ. ಅಷ್ಟು ಚಿಕ್ಕ ಕೆಲಸದಲ್ಲಿ ಕೈ ಎಷ್ಟು ಜಾರಿದರೆ ಎಷ್ಟು ಕೆಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಪರೇಷನ್ ನಡೆಯುವಾಗ ಹೊರಗೆ ಬೆಂಚಿನ ಮೇಲೆ ಹೆಂಡತಿ ದೇವರ ಹೆಸರು ಹೇಳುತ್ತಿದ್ದಳು. ನನಗೆ ಒಂದು ಸ್ತೋತ್ರವೂ ಪೂರ್ತಿ ಬಾರದು. ಸುಮ್ಮನೆ ಕೂತು ಒಂದರಿಂದ ಏಳು ಎಣಿಸಿದೆ. ಮತ್ತೆ ಒಂದರಿಂದ ಏಳು. ಬಾಗಿಲು ತೆರೆಯುವವರೆಗೆ.

ಕೆಲವು ವಾರ ದೊಡ್ಡ ಸದ್ದು ಬೇಡ ಎಂದಿದ್ದರು. ಹೇಗಿದೆ ಭಾವ ಎಂದು ಮೆಸೇಜು ಹಾಕಿದರೆ, ಸಾಧಾರಣ ಎಂದು ಬರೆಯುತ್ತಿದ್ದರು. ಆದರೆ ಕೇಳದಿದ್ದಾಗಲೂ ಕೇಳಿದಂತೆ ಒಂದು ವರ್ಷ ಕೂತವರು ಅವರು. ಆ ಸಾಧಾರಣವನ್ನು ನಂಬುವುದು ಹೇಗೆ? ಹೆಂಡತಿ, ಆ ಗೀರು ಬಿದ್ದ ರೆಕಾರ್ಡು ಎಸೆದು ಹೊಸದು ತರಿಸೋಣ ಎಂದಳು. ನಾನು ಬೇಡವೆಂದೆ. ಮೊದಲು ಯಾವ ಗೇಜಿನಲ್ಲಿ ಅಳೆದಿದ್ದೇವೋ ಅದೇ ಗೇಜಿನಲ್ಲಿ ಅಳೆಯಬೇಕು. ಗೀರಿನ ವಿಷಯ ಭಾವನಿಗೆ ನಾವು ಹೇಳಿಯೇ ಇರಲಿಲ್ಲ.

ಎರಡನೇ ಶನಿವಾರ ಬಂತು. ಸೂಜಿ, ಕನ್ನಡಕ, ಮುಚ್ಚಿದ ಕಣ್ಣು. ಸದ್ದು ತಗ್ಗಿಸಿಯೇ ಇತ್ತು, ಡಾಕ್ಟರಮ್ಮನ ಅಪ್ಪಣೆ. ಬೆರಳು ಏಳರಲ್ಲಿ ನಡೆಯಿತು. ಅದು ಹಾಡಿನಿಂದ ಬರುತ್ತಿದೆಯೋ ನೆನಪಿನಿಂದ ಬರುತ್ತಿದೆಯೋ ಯಾರಿಗೆ ಗೊತ್ತು? ಎಂಟು ನಿಮಿಷ, ಒಂಬತ್ತು ನಿಮಿಷ. ಹೆಂಡತಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಹತ್ತು. ಹನ್ನೊಂದು.

ಸೂಜಿ ಗೀರಿಗೆ ಬಂತು. ಅದೇ ಎರಡು ಪೆಟ್ಟು, ಮತ್ತೆ ಅದೇ ಎರಡು ಪೆಟ್ಟು.

ಐದನೇ ಪೆಟ್ಟು ಹಾಕಿ ತೊಡೆಯಿಂದ ಎದ್ದ ಭಾವನ ಬೆರಳು ಗಾಳಿಯಲ್ಲೇ ನಿಂತಿತು. ಇಳಿಯಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಹಾಡಿನ ನಡುವೆ ಅವರು ಕಣ್ಣು ತೆರೆದರು. ಕನ್ನಡಕವಿಲ್ಲದ ಕಣ್ಣಿನಿಂದ ಪ್ಲೇಯರನ್ನು ನೋಡಿದರು, ತಂಗಿಯನ್ನು ನೋಡಿದರು, ಆಮೇಲೆ ನನ್ನ ಕಡೆ ಬಾಗಿ ನನ್ನ ಮೊಣಕಾಲಿನ ಹತ್ತಿರ ದಿಟ್ಟಿಸಿದರು.

"ನಿನ್ನ ಬೆರಳೂ ಐದರಲ್ಲೇ ನಿಂತಿತಲ್ಲ ಮಾರಾಯ," ಎಂದರು.

ಕೆಳಗೆ ನೋಡಿದೆ. ಕಬ್ಬಿಣ ಹಿಡಿದು ಹಿಡಿದು ಕಪ್ಪಾದ ನನ್ನ ತೋರುಬೆರಳು ತೊಡೆಯ ಮೇಲೆ, ಅರ್ಧ ಎದ್ದು, ನಿಂತೇ ಇತ್ತು. ಯಾವ ವರ್ಷದಿಂದ ಎಣಿಸುತ್ತಿತ್ತೋ ನನಗೂ ಗೊತ್ತಿಲ್ಲ.

ನಾನು ಎದ್ದು ಹೋಗಿ ಸೂಜಿ ಎತ್ತಿದೆ. ಬೆನ್ನು ಅವರ ಕಡೆಗಿತ್ತು, ಒಳ್ಳೆಯದಾಯಿತು.

"ಮೊದಲಿಂದ ಹಾಕು," ಎಂದು ಭಾವ ಹಿಂದಿನಿಂದ ಹೇಳಿದರು.

ಹನ್ನೊಂದನೇ ನಿಮಿಷಕ್ಕೆ ಅದು ಮತ್ತೆ ಅಲ್ಲೇ ನಿಲ್ಲುತ್ತದೆ ಎಂದು ಈಗ ಇಬ್ಬರಿಗೂ ಗೊತ್ತಿತ್ತು. ಮೊದಲಿಂದ ಹಾಕಿದೆ.